ಮಡಿಲಿಗೇರಿದ ಗಂಟು

ಮುಂದಿನ ಸೀಟಿನ ಮುದುಕಿ ತಟ್ಟನೆ ಬಗ್ಗಿ, ಹಿಂದಿನ ಸೀಟಿನವರ ಕಾಲ ಬಳಿಯಿದ್ದ ತನ್ನ ಗಂಟನ್ನು ಎಳೆದು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಾಗ ಸಮ್ಯಕನ ನಗು ಅರ್ಧಕ್ಕೇ ನಿಂತಿತು. ಬಸ್ಸು ಆಗಷ್ಟೇ ಹುಮನಾಬಾದ್ ಬಿಟ್ಟು ಬಸವಕಲ್ಯಾಣದ ದಾರಿ ಹಿಡಿದಿತ್ತು. ಪಕ್ಕದಲ್ಲಿ ನೂರೀನ್ ಬಾಯಿಗೆ ಓಢಣಿ ಅಡ್ಡ ಹಿಡಿದು ಇನ್ನೂ ನಗುತ್ತಿದ್ದಳು.

ಕಾಲೇಜಿನ ಬೇಸರ ಕಳೆಯಲು ಇಬ್ಬರೂ ಸೇರಿ ಕಟ್ಟಿಕೊಂಡ ಭಾಷೆ ಅವರದು. ಪದಗಳ ಬೇರು ನೂರೀನ್ ಕಲಿತ ಅರಬ್ಬಿಯದು. ಅದಕ್ಕೆ ಹಚ್ಚುವ ವಿಭಕ್ತಿಗಳು ಸಮ್ಯಕ ಮೊಬೈಲಿನಲ್ಲಿ ಕಲಿತ ರಷ್ಯನ್ನಿನವು. ಅದರಲ್ಲಿ ಬಸ್ಸಿನಲ್ಲಿ ಯಾರ ಮುಂದೆ ಏನು ಬೇಕಾದರೂ ಅನ್ನಬಹುದಿತ್ತು. ಈಗಷ್ಟೇ ಅವನು ಗಂಟಿಗೊಂದು, ಮುದುಕಿಗೊಂದು ವಿಭಕ್ತಿ ಹಚ್ಚಿ, ‘ನಾತ ಗಂಟಿನಿಂದ ಬರುತ್ತಿದೆಯೋ, ಗಂಟಿನ ಒಡತಿಯಿಂದಲೋ?’ ಎಂದು ಕೇಳಿದ್ದ.

ಮುದುಕಿ ತಿರುಗಿದಳು. “ನಿಮ್ಮ ಮಾತು ನನಗ ತಿಳೀಲಿಲ್ಲಪ್ಪ, ನಗಿ ತಿಳೀತು. ಔಷಧ ಫ್ಯಾಕ್ಟರಿ ಬಟ್ಟಿ ಅವ. ಎಷ್ಟ ಒಗದ್ರೂ ವಾಸನಿ ಹೋಗಂಗಿಲ್ಲ.”

ಸಮ್ಯಕನಿಗೆ ಅದು ಗೊತ್ತಿತ್ತು. ಅವನ ಅವ್ವನೂ ಅಂಥದೇ ಫ್ಯಾಕ್ಟರಿಯಲ್ಲಿ ಡ್ರಮ್ಮು ತೊಳೆಯುತ್ತಿದ್ದಳು. ಅದೇ ನಾತ ಅವನ ಹಾಸಿಗೆಯಲ್ಲೂ ಇತ್ತು. ಅದು ತನ್ನದೂ ಹೌದೆಂದು ನೂರೀನ್‌ಗೆ ತಿಳಿದುಬಿಟ್ಟೀತೆಂಬ ಹೆದರಿಕೆಗೇ ಅವನು ತಾನೇ ಮೊದಲು ಗೇಲಿ ಮಾಡಿದ್ದ. ನಾಚಿಕೆಯಾಗಿ ಮುಂದಕ್ಕೆ ಬಾಗಿ ಕೈ ಚಾಚಿದ.

“ಗಂಟು ನನ್ನ ಕಡಿ ಕೊಡ್ರಿ ಆಯಿ, ನಾ ಹಿಡೀತೀನಿ,” ಅಂದ, ನೂರೀನ್‌ಗೂ ಕೇಳುವಂತೆ, ಕನ್ನಡದಲ್ಲೇ. “ನಮ್ಮವ್ವನೂ ಇದ ಕೆಲಸಾ ಮಾಡಾಕತ್ತಾಳ್ರಿ.”

ನೂರೀನ್ ನಗು ನಿಲ್ಲಿಸಿದಳು. ಮುದುಕಿ ಮಾತ್ರ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

“ಬ್ಯಾಡಪ್ಪ. ನಿನ್ನ ಅಂಗಿಗಿ ವಾಸನಿ ಹತ್ತತದ.”