ಭಾರದ ಗಂಟೆಗೆ ಮುಂಚೆ

ಪ್ರತಿದಿನ ಹನ್ನೆರಡಕ್ಕೆ ಭೂಮಿಯ ಸೆಳೆತ ಒಂದು ಗಂಟೆ ಕಾಲ ಇಮ್ಮಡಿಯಾಗುತ್ತಿದ್ದುದರಿಂದ ಇಳಕಲ್ಲಿನ ನೇಕಾರರು ಹನ್ನೊಂದೂ ಮುಕ್ಕಾಲಿಗೇ ಮಗ್ಗ ನಿಲ್ಲಿಸಿ ಚಾಪೆ ಹಾಸುತ್ತಿದ್ದರು. ಬಸಲಿಂಗವ್ವನಿಗೆ ಬೆಳಗಿನಿಂದ ಸೊಂಟ ಹಿಡಿದುಕೊಂಡಿತ್ತು. ಸ್ನಾಯು ಸಡಿಲಿಸುವ ಗುಳಿಗೆಯನ್ನು ಭಾರದ ಗಂಟೆ ಕಳೆದ ಮೇಲಷ್ಟೇ ನುಂಗಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಅವಳು ಹಲ್ಲು ಕಚ್ಚಿಕೊಂಡು ಚಾಪೆ ಬಿಚ್ಚುತ್ತಿದ್ದಳು.

“ನಂಗೂ ಬೆನ್ನು ಹಿಡದಿತ್ತವಾ,” ಎಂದಳು ವಾರಗಿತ್ತಿ ಕಾಶಮ್ಮ, ತೊದಲುತ್ತ, ನಗುತ್ತ. “ನಿನ್ನ ಡಬ್ಬಿಯಾಗಿಂದ ಎರಡು ನುಂಗೇನಿ. ಈಗ ಹತ್ತಿ ಅರಳಿ ಹಂಗ ಹಗುರ ಆಗೇತಿ.”

“ಯಾವಾಗ ನುಂಗಿದಿ?”

“ಹನ್ನೊಂದಕ್ಕ. ಯಾಕ ಹಂಗ ನೋಡ್ತಿ? ನಿನ್ನ ಗುಳಗಿ ಏನು ಬಂಗಾರದ್ದೇನು?”

“ಎದಿ ಎಬ್ಬಿಸಾಕ ಸ್ನಾಯು ಬೇಕಲ್ಲ, ಹುಚ್ಚಿ! ಭಾರ ಬಿತ್ತಂದ್ರ ನಿನಗ ಉಸಿರು ಆಡೂದಿಲ್ಲ.”

ಕಾಶಮ್ಮನ ನಗು ನಿಂತಿತು. ಬಸಲಿಂಗವ್ವ ಕೈಗಾಡಿಯಲ್ಲಿದ್ದ ನೂಲನ್ನೆಲ್ಲ ನೆಲಕ್ಕೆ ಸುರಿದು, ಅವಳನ್ನು ಎತ್ತಿ ಕೂರಿಸಿದಳು.

“ನಿನ್ನ ಸೊಂಟ?”

“ಬಾಯಿ ಮುಚ್ಚು, ಗಾಡಿ ಹಿಡಕೊ. ಹನ್ನೆರಡರೊಳಗ ದವಾಖಾನಿ ಮುಟ್ಟಬೇಕು.”

ಹೆಜ್ಜೆಗೊಮ್ಮೆ ಸೊಂಟದಲ್ಲಿ ಚೂರಿ ಆಡಿಸಿದಂತಾಗುತ್ತಿತ್ತು. ಜಗಲಿಗಳ ಮೇಲೆ ಆಗಲೇ ಮಲಗಿದ್ದವರು “ಬಿದ್ಕೋ, ಬಿದ್ಕೋ” ಎಂದು ಕೂಗಿದರು. ಅವಳು ಗಾಡಿ ನಿಲ್ಲಿಸಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಡಬ್ಬಿಯನ್ನು ನರ್ಸಿನ ಕೈಗಿಟ್ಟು, “ಎರಡು ನುಂಗ್ಯಾಳ, ಹನ್ನೊಂದಕ್ಕ,” ಎಂದಳು. ನರ್ಸು ಕಾಶಮ್ಮನನ್ನು ಒಳಗೆ ಚಾಪೆಯ ಮೇಲೆ ಮಲಗಿಸಿ ಮುಖಕ್ಕೆ ಉಸಿರಾಟದ ಯಂತ್ರದ ಮಾಸ್ಕ್ ಕಟ್ಟುವಷ್ಟರಲ್ಲಿ ಗಂಟೆ ಹೊಡೆಯಿತು.

ಬಸಲಿಂಗವ್ವ ಅವಳ ಚಾಪೆಯ ಬದಿಗೇ ಬರಿ ನೆಲದ ಮೇಲೆ ಒರಗಿದಳು. ಮೈಮೇಲೆ ಕಲ್ಲು ಹೇರಿದಂತೆ ಭಾರ ಬಿತ್ತು. ಪಕ್ಕದಲ್ಲಿ ಕಾಶಮ್ಮನ ಎದೆ ಏರಿತು, ಇಳಿಯಿತು, ಸ್ವಲ್ಪ ತಡೆದು ಮತ್ತೆ ಏರಿತು. ಒಂದು ಗಂಟೆ ಹೊಡೆಯುವವರೆಗೂ ಬಸಲಿಂಗವ್ವ ಅದರಿಂದ ಕಣ್ಣು ಕೀಳಲಿಲ್ಲ.