ನಡು ಇಲ್ಲದ ಕೌದಿ

ಬಾಳವ್ವ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುವಾಕೆ. ಆದರೆ ನಡು ತಲುಪುವಷ್ಟರಲ್ಲಿ ಮತ್ತೊಂದು ಹಳೆಯ ಸೀರೆ ಕಣ್ಣಿಗೆ ಬಿದ್ದು, ಕೈ ಹೊಸ ಕೌದಿಗೆ ಹೋಗುತ್ತಿತ್ತು. ಹೀಗಾಗಿ ಮನೆಯ ನಾಲ್ಕೂ ಕೌದಿಗಳ ನಟ್ಟನಡುವೆ ತಲೆ ತೂರುವಷ್ಟು ತೂತು ಉಳಿದಿತ್ತು.

"ನಾಳೆ ಬೀಗರು ಬರ್ತಾರ. ಈ ಥಂಡ್ಯಾಗ ಮಗಳ ಮಾವಗ ತೂತಿನ ಕೌದಿ ಕೊಡ್ತೀಯೇನ? ನನ್ನ ಮರ್ಯಾದಿ ಕಳೀಬ್ಯಾಡ" ಎಂದ ಗಂಡ ರಾಚಪ್ಪ.

"ಇವತ್ತ ಒಂದು ಮುಗಸ್ತೀನ್ರೀ. ನಾಕೂ ಮುಗಿಯೂತನಕ ಹೊಸಾದಕ್ಕ ಸೂಜಿ ಹಚ್ಚಿದ್ರ ನಿಮ್ಮಾಣಿ!"

"ನನ್ನ ಆಣಿ ಬ್ಯಾಡ ಮಾರಾಯ್ತಿ, ನಾ ಇನ್ನೂ ಬದುಕಬೇಕು."

ಅಷ್ಟರಲ್ಲಿ ಪಕ್ಕದ ಮನೆಯ ಗೌರವ್ವ ದಾಳಿಂಬೆ ಬಣ್ಣದ ಹಳೆಯ ಇಳಕಲ್ ಸೀರೆ ಹಿಡಿದು ಬಂದಳು. "ಕೌದಿಗೆ ಬೇಕೇನ ಬಾಳಕ್ಕಾ?" ಬಾಳವ್ವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬೇಡವೆಂದಳು. ರಾಚಪ್ಪನಿಗೆ ನಂಬಲಾಗಲಿಲ್ಲ.

ನಾಳೆ ಬರಬೇಕಿದ್ದ ಬೀಗರು ಅಂದು ಸಂಜೆಯೇ ಬಂದುಬಿಟ್ಟರು. ತೂತು ಇನ್ನೂ ತೂತಾಗಿಯೇ ಇತ್ತು. ಬೇರೆ ದಾರಿ ಕಾಣದೆ ಅದೇ ಕೌದಿ ಕೊಟ್ಟು, ಗಂಡಹೆಂಡಿರು ತಲೆ ತಗ್ಗಿಸಿದರು.

ಬೆಳಿಗ್ಗೆ ಬೀಗರು ತೂತಿನಲ್ಲಿ ತಲೆ ತೂರಿಸಿ, ಹಿಂದೆ ಮುಂದೆ ಕೌದಿ ಇಳಿಬಿಟ್ಟುಕೊಂಡು, ಎರಡೂ ಕೈಯಲ್ಲಿ ಚಹಾದ ಕಪ್ಪು ಹಿಡಿದು ಕಟ್ಟೆಗೆ ಬಂದರು.

"ಬೀಗತ್ಯಾರ, ಹಾಕ್ಕೊಂಡು ಅಡ್ಡಾಡೂ ಕೌದಿ ನಾ ಎಲ್ಲೂ ನೋಡಿದ್ದಿಲ್ಲ ಬಿಡ್ರಿ! ನಮ್ಮ ಮನಿಮಂದಿಗೆಲ್ಲಾ ಇಂಥಾವ ಹೊಸಾವು ಹೊಲಕೊಡ್ರಿ."

ಬಾಳವ್ವ ಗಂಡನ ಮುಖ ನೋಡಿದಳು. ರಾಚಪ್ಪ ಚಪ್ಪಲಿ ಮೆಟ್ಟಿಕೊಂಡು, ಆ ದಾಳಿಂಬೆ ಸೀರೆ ಕೇಳಲು ಗೌರವ್ವನ ಮನೆಗೆ ಹೊರಟ.