ಮುರಾರಿ ರಾಯರ ಎದೆನೋವು

ಮುರಾರಿ ರಾಯರು ಮತ್ತೆ ಸಾಯತೊಡಗಿದ್ದರು. ಈ ಚಳಿಗಾಲದಲ್ಲಿ ಇದು ಮೂರನೆಯ ಸಲ.

"ವೇದಾ... ಎದೆ ಹಿಡ್ಕೊಂಡಿತು ಮಾರಾಯ್ತಿ!"

ವೇದವತಿ ಅವಸರ ಮಾಡಲಿಲ್ಲ. ಸಾಂಬಾರಿಗೆ ಒಗ್ಗರಣೆ ಹಾಕಿ, ಮುಚ್ಚಳ ಮುಚ್ಚಿ, ಆಮೇಲೆ ಹೊರಬಂದಳು. ಗಂಡ ದಿವಾನದ ಮೇಲೆ ಅಂಗಾತ ಬಿದ್ದಿದ್ದರು. ತಲೆಗೆ ಮಂಕಿ ಟೋಪಿ, ಮೈಗೆ ಶಾಲು, ಎದೆಯ ಮೇಲೆ ಎರಡೂ ಕೈ. ಯಕ್ಷಗಾನ ಮೇಳದವರೂ ಇಷ್ಟು ಚಂದ ಸಾಯುವುದಿಲ್ಲ ಎಂದುಕೊಂಡಳು.

"ಸಂಜೆ ಎಷ್ಟು ಗೋಳಿಬಜೆ ತಿಂದಿರಿ?"

"ಸಾಯುವವನ ಹತ್ರ ಗೋಳಿಬಜೆ ಲೆಕ್ಕ ಕೇಳ್ತೀಯಲ್ಲ!"

"ಹೋದ ಸಲ ಸತ್ತಾಗ ಪೂರಿ ಲೆಕ್ಕ ಕೇಳಿದ್ದೆ. ಇವತ್ತು ಗೋಳಿಬಜೆ."

ಊರು ಬಿಟ್ಟು ಬಂದ ಈ ಬಂಗಾಳಿಗಳ ನಗರದ ಲೇಕ್ ಮಾರ್ಕೆಟ್ಟಿನಲ್ಲಿ ಕೆಳಗೆ ರಾಯರ ಹೋಟೆಲು, ಮೇಲೆ ಮನೆ. ದುರ್ಗಾಪೂಜೆಯ ಹೊತ್ತಿಗೆ ಅವರ ಗೆಳೆಯ ಮಾಧವ ಗಲ್ಲಾದ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಅಂದಿನಿಂದ ರಾಯರಿಗೆ ತೇಗು ಬಂದರೂ ಹಾರ್ಟ್ ಅಟ್ಯಾಕ್, ಬರದಿದ್ದರೂ ಹಾರ್ಟ್ ಅಟ್ಯಾಕ್. ಎರಡು ಸಲ ನರ್ಸಿಂಗ್ ಹೋಮಿಗೆ ಓಡಿದ್ದಾಯಿತು. ಎರಡು ಸಲವೂ ಬರೀ ಗ್ಯಾಸು. ಹೃದಯ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದಾಗ ಈ ಮನುಷ್ಯನ ಮುಖ ಬಾಡಿದ್ದನ್ನು ವೇದವತಿ ಕಣ್ಣಾರೆ ಕಂಡಿದ್ದಳು. ಸೆಕ್ಟರ್ ಫೈವ್‌ನಲ್ಲಿ ಮಗಳಿಗೆ ಕೆಲಸ ಸಿಕ್ಕಿ, ಅವಳ ಕಂಪನಿ ಅಪ್ಪ ಅಮ್ಮನಿಗೂ ಇನ್ಶೂರೆನ್ಸ್ ಕೊಟ್ಟ ಮೇಲಂತೂ ರಾಯರ ಕಾಯಿಲೆಗೆ ಕೊಬ್ಬು ಬಂದಿತ್ತು. ನರಳುವುದಕ್ಕೂ ಒಂದು ಗತ್ತು.

ನರಳಲು ಪುರುಸೊತ್ತಾದರೂ ಇರಬೇಕಲ್ಲ! ಬೆಳಕು ಹರಿಯುವ ಮೊದಲೇ ಎದ್ದು ಹೋಟೆಲಿಗೆ ಹಿಟ್ಟು ರುಬ್ಬುವವಳು ವೇದವತಿ. ಚಟ್ನಿ, ಸಾಂಬಾರು ಅವಳದೇ. ಈ ವಾರವಂತೂ ಗಂಡನ ದನಿ ಕೇಳಿದರೇ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಇವತ್ತು ನರ್ಸಿಂಗ್ ಹೋಮಿಗೆ ಹೋಗುವುದೇ ಇಲ್ಲ, ಬೇಕಾದರೆ ಒಬ್ಬರೇ ಹೋಗಿ ಸಾಯಲಿ ಎಂದು ಸೋಫಾದಲ್ಲಿ ಕುಕ್ಕರಿಸಿದಳು.

ಅಷ್ಟರಲ್ಲಿ ರಾಯರು ಸಾಯುತ್ತಲೇ ಮಗಳಿಗೆ ಫೋನು ಹಚ್ಚಿಯಾಗಿತ್ತು.

"ಅಮ್ಮಾ, ಪ್ಲೀಸ್, ರಿಸ್ಕ್ ಬೇಡ!" ವೈಷ್ಣವಿ ಆಫೀಸಿನಿಂದಲೇ ಕೂಗಿದಳು. "ಟ್ಯಾಕ್ಸಿಯಲ್ಲಿ ಕರ್ಕೊಂಡು ಹೋಗು, ಜಾವೋ ನಾ. ನಾನು ಕ್ಯಾಬ್ ಹಿಡಿದು ಡೈರೆಕ್ಟ್ ಅಲ್ಲಿಗೇ ಬರ್ತೇನೆ."

ಮಗಳ ಮಾತಿಗೆ ಏಳಬೇಕಾಯಿತು. ಮೆಟ್ಟಿಲನ್ನು ರಾಯರು ದಡದಡನೆ ಇಳಿದರು. ಹಳೆಯ ರಿಪೋರ್ಟು, ಫ್ಲಾಸ್ಕು, ಬಟ್ಟೆ ತುಂಬಿದ ಚೀಲ ಹೊತ್ತ ವೇದವತಿ ನಿಂತು ನಿಂತು ಇಳಿದಳು. ಸಾಯುವವರು ಮುಂದೆ, ಹೊರುವವರು ಹಿಂದೆ. ನಡುವೆ ಎಡಗೈ ಸೋತು ಚೀಲವನ್ನು ಬಲಗೈಗೆ ಬದಲಾಯಿಸಿಕೊಂಡಳು.

ಟ್ಯಾಕ್ಸಿ ಸದರ್ನ್ ಅವೆನ್ಯೂಗೆ ತಿರುಗಿತು. ರಾಯರು ಕೊನೆಯ ಮಾತುಗಳನ್ನು ಶುರು ಮಾಡಿದರು. ವೈಷ್ಣವಿಯ ಮದುವೆ ಕುಂದಾಪುರದ ಕಡೆಯೇ ಆಗಬೇಕು. ಹೋಟೆಲಿನ ಕಾಫಿಗೆ ನೀರು ಬೆರೆಸಬಾರದು. ವೇದವತಿ ಕಿಟಕಿಯ ಗಾಜು ಪೂರ್ತಿ ಇಳಿಸಿದಳು.

"ಚಳಿ! ಮುಚ್ಚು ಮಾರಾಯ್ತಿ!"

"ಮುಚ್ಚುದಿಲ್ಲ. ನಿಮ್ಮ ಪಕ್ಕ ಕೂತು ನನಗೆ ಉಸಿರು ಕಟ್ಟುತ್ತದೆ."

ನರ್ಸಿಂಗ್ ಹೋಮಿನಲ್ಲಿ ಇದ್ದವರು ಮೈಸೂರು ಕಡೆಯ ಡಾಕ್ಟರ್ ಶೋಭನಾ. ಕನ್ನಡ ಕೇಳಿದ್ದೇ ರಾಯರ ನರಳಾಟ ಇಮ್ಮಡಿಯಾಯಿತು. ಅಂಗಿ ಬಿಚ್ಚಿ ಮಲಗಿ, ಎದೆಗೆ ಇಸಿಜಿಯ ವಯರು ಅಂಟಿಸಿಕೊಂಡು, ಗೆದ್ದವರಂತೆ ಹೆಂಡತಿಯ ಕಡೆ ನೋಡಿದರು.

"ಬೆವರು ಬಂತಾ?" ಡಾಕ್ಟರು ರಾಯರನ್ನು ಕೇಳಿದರು.

ವೇದವತಿಗೆ ತಡೆಯಲಾಗಲಿಲ್ಲ. "ಇವರಿಗೆಂತ ಬೆವರು ಡಾಕ್ಟ್ರೇ? ಬೆವರುದು ನಾನು. ಈ ಚಳಿಯಲ್ಲೂ ರವಿಕೆ ಒದ್ದೆ."

"ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಹಾಕ್ಕೊಳುತ್ತಾ?"

"ಇವರು ಹತ್ತುದುಂಟಾ? ಕೆಳಗೆ ಕೂತು ಕೂಗುದು. ಇವರು ಕೂಗಿದ ಹಾಗೆಲ್ಲ ಹತ್ತಿ ಇಳಿದು ಏದುಸಿರು ಬಿಡುದು ನಾನು."

"ದವಡೆ ನೋವು, ಕೈ ನೋವು?"

"ದಿನವಿಡೀ ತಿನ್ನುವ ದವಡೆಗೆ ಎಂತ ನೋವು! ನೋಯುದು ನನ್ನದು, ಇವರಿಗೆ ಉತ್ತರ ಕೊಟ್ಟು ಕೊಟ್ಟು. ಇವರ ಚೀಲ ಹೊತ್ತು ಕೈಯೂ ಬಿದ್ದುಹೋಯ್ತು."

"ನೋಡಿ ಡಾಕ್ಟ್ರೇ," ರಾಯರು ಗೋಳಾಡಿದರು, "ಕಾಯಿಲೆ ನನಗೆ, ಸುದ್ದಿ ಇವಳದ್ದು! ಸಾಯುವಾಗಲಾದರೂ ನನಗೆ ಮಾತಾಡ್ಲಿಕ್ಕೆ ಬಿಡುದಿಲ್ಲ."

ಡಾಕ್ಟರು ನಗಲಿಲ್ಲ. ಇಸಿಜಿಯ ಕಾಗದವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಬಾಗಿಲಿಗೆ ಹೋಗಿ ನರ್ಸನ್ನು ಬಂಗಾಳಿಯಲ್ಲಿ ಜೋರಾಗಿ ಕರೆದರು. ಇಬ್ಬರು ಓಡಿ ಬಂದರು. ಒಬ್ಬಳ ಕೈಯಲ್ಲಿ ಸಿರಿಂಜು, ಇನ್ನೊಬ್ಬಳು ಆಕ್ಸಿಜನ್ ಸಿಲಿಂಡರು ದೂಡಿಕೊಂಡು ಬಂದಳು.

ವೇದವತಿ ಮಂಚದ ಹತ್ತಿರ ಸರಿದಳು. ಅಯ್ಯೋ ದೇವರೇ, ಈ ಸಲ ನಿಜವೇ? ಒಗ್ಗರಣೆ ಹಾಕುತ್ತ ನಿಂತೆನಲ್ಲ ನಾನು! ಇಷ್ಟು ವರ್ಷ ಬೈದು, ಹಂಗಿಸಿ, ಕೊನೆಗೂ ಇವರನ್ನು ನಾನೇ ಕೊಂದೆನೇ? ಅವಳ ಕಣ್ಣು ಮಂಜಾಯಿತು. ಬಿದ್ದುಹೋಗುತ್ತೇನೆ ಅನ್ನಿಸಿ ಮಂಚದ ಸರಳು ಹಿಡಿದುಕೊಂಡಳು.

ಸಿಲಿಂಡರು ಕಂಡು ರಾಯರೂ ಬಿಳಿಚಿಕೊಂಡರು. ಎದೆಯ ಮೇಲಿನ ಕೈ ತಾನಾಗಿ ಜಾರಿತು. "ವೇದಾ," ಎಂದರು. ಈ ಸಲ ಆ ದನಿಯಲ್ಲಿ ನಾಟಕವಿರಲಿಲ್ಲ. "ವೇದಾ, ನನಗೆ ಹೆದರಿಕೆ ಆಗ್ತದೆ."

ಡಾಕ್ಟರು ಒಂದು ಕೈಯಲ್ಲಿ ರಾಯರ ಎದೆಯ ವಯರುಗಳನ್ನು ಪಟಪಟನೆ ಕಿತ್ತರು. ಇನ್ನೊಂದು ಕೈ ಆಗಲೇ ವೇದವತಿಯ ನಾಡಿಯ ಮೇಲಿತ್ತು.

"ಬೇಗ ಏಳಿ ಸರ್, ನಿಮಗಿರೋದು ಗ್ಯಾಸು, ಈ ಹಾಸಿಗೆ ನಿಮ್ಮ ಹೆಂಡತಿಗೆ ಬೇಕು, ಹಾರ್ಟ್ ಅಟ್ಯಾಕ್ ಆಗ್ತಿರೋದು ಅವರಿಗೆ!"